ಕರೆಂಟ್ ಹೋಗಿ ಬಂದಾಗ ಮಾತ್ರ ಸರ್ವೀಸ್ ಸ್ಟಾರ್ಟ್ ಆಗಲ್ಲ, 1053 ಅನ್ನುತ್ತೆ: ಬ್ಯಾಡಗಿ ಅಂಗಡಿ, ಹುಬ್ಬಳ್ಳಿಯಿಂದ ರಿಪೇರಿ

ಗೋಕುಲರಸ್ತೆ

ನಮಸ್ಕಾರ ಎಲ್ಲರಿಗೂ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಒಂದು ದಲಾಲಿ ಅಂಗಡಿಯ ಕಂಪ್ಯೂಟರ್‌ಗಳನ್ನು ಹುಬ್ಬಳ್ಳಿಯಿಂದಲೇ ನೋಡಿಕೊಳ್ಳುತ್ತೇನೆ. ಅವುಗಳಲ್ಲಿ ಒಂದನ್ನೇ ಸರ್ವರ್ ಮಾಡಿಟ್ಟಿದ್ದಾರೆ. ವಿಂಡೋಸ್ 10, 8 ಜಿಬಿ ರ್‍ಯಾಮ್, ಹಳೇ ಹಾರ್ಡ್‌ಡಿಸ್ಕ್. ಒಳಗೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನುವ ಡೇಟಾಬೇಸ್, ಅದರ ಮೇಲೆ ರೈತರಿಗೆ ಪಟ್ಟಿ ಕೊಡುವ ಬಿಲ್ಲಿಂಗ್ ಸಾಫ್ಟ್‌ವೇರ್. ಆ ಬಿಲ್ಲಿಂಗ್‌ನದ್ದೇ ಒಂದು ಸರ್ವೀಸ್ ಹಿಂದೆ ಓಡುತ್ತಿರಬೇಕು. ಅದು ನಿಂತರೆ ಅಂಗಡಿಯ ಯಾವ ಕಂಪ್ಯೂಟರ್‌ನಲ್ಲೂ ಪಟ್ಟಿ ಬರುವುದಿಲ್ಲ.

ದಿನಾ ಚೆನ್ನಾಗಿಯೇ ಓಡುತ್ತದೆ. ಕೆಲಸದ ನಡುವೆ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು ಮಷಿನ್ ಒಮ್ಮೆಲೇ ಆಫ್ ಆಯಿತೋ, ತಿರುಗಿ ಚಾಲೂ ಮಾಡಿದಾಗ ಈ ಸರ್ವೀಸ್ ಏಳುವುದಿಲ್ಲ. ಸರ್ವೀಸಸ್ ಪಟ್ಟಿಯಲ್ಲಿ ಸ್ಟಾರ್ಟ್ ಒತ್ತಿದರೆ ಎರರ್ 1053. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಒಮ್ಮೊಮ್ಮೆ ಆಗುತ್ತದೆ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದರೆ, ಕರೆಂಟ್ ಹೋಗಿ ಡೇಟಾಬೇಸ್ ಕೆಟ್ಟಿದೆ, ಎಲ್ಲಾ ತೆಗೆದು ಹೊಸದಾಗಿ ಹಾಕಬೇಕು ಅನ್ನುತ್ತಾರೆ. ಸೀಸನ್ ಜೋರಾಗಿದೆ. ಹೊರಗೆ ರೈತರು ಪಟ್ಟಿಗೆ ನಿಂತಿರುತ್ತಾರೆ, ಗುಮಾಸ್ತರು ನನಗೆ ಫೋನ್ ಹಚ್ಚುತ್ತಾರೆ. ಪ್ರತಿ ಸಲ ಬಸ್ ಹತ್ತಿ ಹೋಗುವುದು ಆಗದ ಮಾತು. ದೂರದಿಂದಲೇ ಮೊದಲು ಏನು ನೋಡಬೇಕು, ಹೇಳ್ರಿ.

ಹಾವೇರಿ ಹುಡುಗ

ಸಿಂಪಲ್ ರೀ. ಸರ್ವೀಸ್‌ನ ಪ್ರಾಪರ್ಟೀಸ್‌ಗೆ ಹೋಗಿ, ರಿಕವರಿ ಟ್ಯಾಬ್‌ನಲ್ಲಿ ಮೂರೂ ಕಡೆ ರಿಸ್ಟಾರ್ಟ್ ದ ಸರ್ವೀಸ್ ಅಂತ ಹಾಕಿಬಿಡಿ. ಬಿದ್ದರೆ ತಾನೇ ಏಳುತ್ತದೆ. ಅದೂ ಆಗದಿದ್ದರೆ ಅವರು ಹೇಳಿದ ಹಾಗೆ ರೀಇನ್‌ಸ್ಟಾಲ್.

ಬೆಟಗೇರಿ

ತಮ್ಮಾ, ರಿಕವರಿ ಟ್ಯಾಬ್ ಇರುವುದು ಓಡುತ್ತಾ ಓಡುತ್ತಾ ಬಿದ್ದ ಸರ್ವೀಸ್‌ಗೆ. ಇಲ್ಲಿ ಅದು ಎದ್ದೇ ಇಲ್ಲ. ಮತ್ತೆ ಸೀಸನ್ ನಡುವೆ ಬಿಲ್ಲಿಂಗ್ ರೀಇನ್‌ಸ್ಟಾಲ್ ಮಾಡು ಅಂತ ಯಾರಿಗೂ ಹೇಳಬೇಡ.

ಗೋಕುಲರಸ್ತೆಯವರೇ, 1053 ಅನ್ನುವುದು ಸ್ಟಾರ್ಟ್ ಒತ್ತಿದವನಿಗೆ ಸಿಗುವ ಉತ್ತರ ಅಷ್ಟೇ. ಸರ್ವೀಸ್ ಹೊತ್ತಿಗೆ ಸರಿಯಾಗಿ ಮಾತಾಡಲಿಲ್ಲ ಅಂತ ಅದರ ಅರ್ಥ. ಯಾಕೆ ಅನ್ನುವುದು ಬೇರೆ ಕಡೆ ಇರುತ್ತದೆ. ಈವೆಂಟ್ ವ್ಯೂವರ್ ತೆಗೆಯಿರಿ, ವಿಂಡೋಸ್ ಲಾಗ್ಸ್, ಸಿಸ್ಟಮ್. ಸೋರ್ಸ್‌ನಲ್ಲಿ ಸರ್ವೀಸ್ ಕಂಟ್ರೋಲ್ ಮ್ಯಾನೇಜರ್ ಅಂತ ಫಿಲ್ಟರ್ ಹಾಕಿ. ಅಲ್ಲಿ 7000 ಸಿಕ್ಕೇ ಸಿಗುತ್ತದೆ. ಅದು ಬರೀ ಸ್ಟಾರ್ಟ್ ಆಗಲಿಲ್ಲ ಅಂತ ಹೇಳುತ್ತದೆ. ಅದರ ಅಕ್ಕಪಕ್ಕದ ನಂಬರ್ ನೋಡಿ. 7001 ಇದ್ದರೆ ಅದು ನಂಬಿಕೊಂಡ ಇನ್ನೊಂದು ಸರ್ವೀಸ್ ಎದ್ದಿಲ್ಲ. 7038 ಇದ್ದರೆ ಪಾಸ್‌ವರ್ಡ್ ತಪ್ಪು. 7009 ಮತ್ತು 7022 ಎರಡೂ ಟೈಮ್‌ಔಟ್ ಥರಾ ಕಾಣುತ್ತವೆ, ಆದರೆ ಎರಡರ ಕಥೆ ಬೇರೆ ಬೇರೆ.

ಜೊತೆಗೆ ಇನ್ನೊಂದು ನೋಡಿ. ಅದೇ ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಬೂಟ್ ಅನ್ನುವ ಸೋರ್ಸ್, ಈವೆಂಟ್ 27. ಬೂಟ್ ಟೈಪ್ ಏನು ಅಂತ ಬರೆದಿರುತ್ತದೆ. ಸರಿ ಇದ್ದ ದಿನ ಏನಿದೆ, ಕೆಟ್ಟ ದಿನ ಏನಿದೆ, ಎರಡನ್ನೂ ಇಲ್ಲಿ ಹಾಕಿ.

ಗೋಕುಲರಸ್ತೆ

ನೋಡಿದೆ. ಕೆಟ್ಟ ದಿನ: ಮೊದಲು ಕರ್ನಲ್-ಪವರ್ 41, ಅಂದರೆ ಸರಿಯಾಗಿ ಆಫ್ ಆಗದೆ ಎದ್ದಿದ್ದು. ಆಮೇಲೆ ನಮ್ಮ ಸರ್ವೀಸ್ ಹೆಸರಿನಲ್ಲಿ 7009, 30000 ಮಿಲಿಸೆಕೆಂಡ್ ಟೈಮ್‌ಔಟ್. ಅದರ ಬೆನ್ನಿಗೇ 7000. 7001 ಇಲ್ಲ, 7022 ಇಲ್ಲ. ಎಸ್‌ಕ್ಯೂಎಲ್ ಸರ್ವೀಸ್ ಮಾತ್ರ ರನ್ನಿಂಗ್ ಅಂತಲೇ ಇದೆ.

ಬೂಟ್ ಟೈಪ್: ಸರಿ ಇದ್ದ ದಿನಗಳಲ್ಲಿ ಎಲ್ಲಾ 0ಎಕ್ಸ್1. ಕೆಟ್ಟ ದಿನಗಳಲ್ಲಿ 0ಎಕ್ಸ್0. ಇದರಿಂದ ಏನು ಗೊತ್ತಾಗುತ್ತದೆ?

ಬೆಟಗೇರಿ

ಅದೇ ನನಗೆ ಬೇಕಾಗಿದ್ದು. ನಿಮ್ಮ ಗುಮಾಸ್ತರು ದಿನಾ ರಾತ್ರಿ ಶಟ್‌ಡೌನ್ ಒತ್ತಿ ಹೋಗುತ್ತಾರೆ, ಅಲ್ವಾ? ಆ ಮಷಿನ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದೆ. ವಿಂಡೋಸ್ 8 ಬಂದಾಗಿನಿಂದ ಇದು ಇದೆ. ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನೀವು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ತಿರುಳಾದ ಕರ್ನಲ್, ಡ್ರೈವರ್, ಸರ್ವೀಸ್‌ಗಳು ಇರುವ ಸೆಷನ್ ಸೊನ್ನೆ, ಇವು ಡಿಸ್ಕ್‌ನ ಹೈಬರ್‌ನೇಶನ್ ಫೈಲ್‌ಗೆ ಹಾಗೇ ಇಳಿಯುತ್ತವೆ. ಬೆಳಿಗ್ಗೆ ಬಟನ್ ಒತ್ತಿದರೆ ಅಲ್ಲಿಂದಲೇ ಮೇಲೆ ಬರುತ್ತವೆ. ಅದಕ್ಕೇ 0ಎಕ್ಸ್1. ಅಂದರೆ ಆ ದಿನಗಳಲ್ಲಿ ನಿಮ್ಮ ಬಿಲ್ಲಿಂಗ್ ಸರ್ವೀಸ್ ಸ್ಟಾರ್ಟ್ ಆಗುತ್ತಲೇ ಇಲ್ಲ. ಹಿಂದಿನ ದಿನ ಓಡುತ್ತಿದ್ದದ್ದೇ ಮುಂದುವರಿಯುತ್ತಿದೆ.

ಕರೆಂಟ್ ಹೋಗಿ ಒಮ್ಮೆಲೇ ಆಫ್ ಆದಾಗ ಆ ಫೈಲ್ ಬರೆಯಲು ಪುರಸೊತ್ತೇ ಇರಲಿಲ್ಲ. ಹಾಗಾಗಿ ನಿಜವಾದ ಬೂಟ್, 0ಎಕ್ಸ್0. ಎಲ್ಲಾ ಸರ್ವೀಸ್‌ಗಳೂ ಮೊದಲಿನಿಂದ ಏಳಬೇಕು, ಒಂದೇ ಹಳೇ ಡಿಸ್ಕ್ ಮೇಲೆ, ಒಂದೇ ಹೊತ್ತಿಗೆ. ಕರೆಂಟ್ ಏನನ್ನೂ ಕೆಡಿಸಿಲ್ಲ. ನಿಮ್ಮ ಸರ್ವೀಸ್‌ಗೆ ಏಳುವ ತಾಕತ್ತು ಮೊದಲಿನಿಂದಲೂ ಇರಲಿಲ್ಲ, ಕರೆಂಟ್ ಹೋದ ದಿನ ಅದು ಬಯಲಾಗುತ್ತಿದೆ ಅಷ್ಟೇ.

ಖಾತ್ರಿ ಮಾಡಿಕೊಳ್ಳಲು ಕರೆಂಟ್ ಹೋಗುವವರೆಗೆ ಕಾಯಬೇಕಿಲ್ಲ. ವ್ಯಾಪಾರ ಮುಗಿದ ಮೇಲೆ ರಿಸ್ಟಾರ್ಟ್ ಕೊಡಿ. ಶಟ್‌ಡೌನ್ ಅಲ್ಲ, ರಿಸ್ಟಾರ್ಟ್. ರಿಸ್ಟಾರ್ಟ್‌ಗೆ ಫಾಸ್ಟ್ ಸ್ಟಾರ್ಟಪ್ ಅನ್ವಯಿಸುವುದಿಲ್ಲ, ಪೂರ್ತಿ ಬೂಟ್ ಆಗುತ್ತದೆ. ಸರ್ವೀಸ್ ಏಳದಿದ್ದರೆ ಕೇಸು ಅಲ್ಲಿಗೇ ಸಿಕ್ಕಿತು.

ಹಾವೇರಿ ಹುಡುಗ

ಅಣ್ಣಾ, ಇದು ಗೊತ್ತೇ ಇರಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್ ಅಷ್ಟೊಂದು ದಿನ ಯಾಕೆ ತೋರಿಸುತ್ತದೆ ಅಂತ ಯಾವಾಗಲೂ ಅನಿಸುತ್ತಿತ್ತು.

ಸಪ್ತಾಪುರ

ಬೆಟಗೇರಿಯವರು ಹೇಳಿದ್ದು ಸರಿ. 7009 ಬಗ್ಗೆ ನನ್ನದೊಂದು ಮಾತು, ಇದನ್ನು ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ವಿಂಡೋಸ್ ಮೊದಲು ಸರ್ವೀಸ್‌ನ ಇಎಕ್ಸ್‌ಇ (ಪ್ರೋಗ್ರಾಂ ಫೈಲ್) ಓಡಿಸುತ್ತದೆ. ಆ ಇಎಕ್ಸ್‌ಇ 30 ಸೆಕೆಂಡ್ ಒಳಗೆ ಸರ್ವೀಸ್ ಕಂಟ್ರೋಲ್ ಮ್ಯಾನೇಜರ್‌ಗೆ ನಾನು ಬಂದಿದ್ದೇನೆ ಅಂತ ಹಾಜರಿ ಹೇಳಬೇಕು. ಹೇಳದಿದ್ದರೆ 7009. ಹಾಜರಿ ಹೇಳಿ, ಆಮೇಲೆ ಒಳಗಿನ ಕೆಲಸದಲ್ಲಿ ಸಿಕ್ಕಿಕೊಂಡರೆ 7022. ಡೇಟಾಬೇಸ್ ಸಿಗದೆ ಒದ್ದಾಡುವ ಸರ್ವೀಸ್ ಹೆಚ್ಚಾಗಿ 7022 ಕೊಡುತ್ತದೆ, ಇಲ್ಲವೇ ತಾನೇ ಸತ್ತು 7034 ಕೊಡುತ್ತದೆ. ನಿಮಗೆ ಬಂದಿದ್ದು ಬರೀ 7009. ಅಂದರೆ ಇಎಕ್ಸ್‌ಇ ಮೆಮೊರಿಗೆ ಲೋಡ್ ಆಗುವುದಕ್ಕೇ 30 ಸೆಕೆಂಡ್ ಸಾಲುತ್ತಿಲ್ಲ. ಡೇಟಾಬೇಸ್‌ವರೆಗೆ ಅದು ಹೋಗಿಯೇ ಇಲ್ಲದಿರಬಹುದು.

ಡೇಟಾಬೇಸ್ ಕೆಟ್ಟಿದೆ ಅನ್ನುವವರಿಗೆ ಉತ್ತರ ಕೊಡಬೇಕಾದರೆ ಎಸ್‌ಕ್ಯೂಎಲ್‌ನ ಎರರ್‌ಲಾಗ್ ಫೈಲ್ ತೆಗೆಯಿರಿ. ಇನ್‌ಸ್ಟನ್ಸ್‌ನ ಲಾಗ್ ಫೋಲ್ಡರ್‌ನಲ್ಲಿ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಕೆಟ್ಟ ದಿನದ ಫೈಲ್‌ನಲ್ಲಿ ರಿಕವರಿ ಈಸ್ ಕಂಪ್ಲೀಟ್ ಅನ್ನುವ ಸಾಲು ಇದ್ದರೆ ಎಸ್‌ಕ್ಯೂಎಲ್ ತನ್ನ ಡೇಟಾಬೇಸ್‌ಗಳನ್ನು ಸರಿ ಮಾಡಿಕೊಂಡೇ ಎದ್ದಿದೆ. ಅರ್ಧಕ್ಕೆ ನಿಂತ ಎಂಟ್ರಿಗಳನ್ನು ಟ್ರಾನ್ಸಾಕ್ಷನ್ ಲಾಗ್ ನೋಡಿ ಹಿಂದೆ ಸರಿಸುವುದು ಅದರ ದಿನನಿತ್ಯದ ಕೆಲಸ. ಆದರೂ ಒಮ್ಮೆ ಡಿಬಿಸಿಸಿ ಚೆಕ್‌ಡಿಬಿ ಅನ್ನುವ ಡೇಟಾಬೇಸ್ ತಪಾಸಣೆ ಕಮಾಂಡ್ ಓಡಿಸಿ. ಅದು ತಪ್ಪು ತೋರಿಸದಿದ್ದರೆ ರೀಇನ್‌ಸ್ಟಾಲ್ ಮಾತೇ ಬೇಡ. ಬ್ಯಾಕಪ್ ತೆಗೆದಿದ್ದೀರಿ ಅಂತ ಅಂದುಕೊಂಡಿದ್ದೇನೆ.

ಇನ್ನೊಂದು ಸಣ್ಣ ಪರೀಕ್ಷೆ. ರಿಸ್ಟಾರ್ಟ್ ಆದ ಕೂಡಲೇ ರಿಮೋಟ್ ತಗೊಂಡು, ಆ ಸರ್ವೀಸ್‌ನ ಇಎಕ್ಸ್‌ಇ ಮೇಲೆ ನೇರವಾಗಿ ಡಬಲ್ ಕ್ಲಿಕ್ ಮಾಡಿ. ಡಾಟ್‌ನೆಟ್‌ನಲ್ಲಿ ಬರೆದದ್ದಾದರೆ, ಸರ್ವೀಸನ್ನು ಹೀಗೆ ಓಡಿಸಲು ಬರುವುದಿಲ್ಲ ಅಂತ ಒಂದು ಡಬ್ಬಿ ಬರುತ್ತದೆ. ಆ ಡಬ್ಬಿ ಬರಲು ಎಷ್ಟು ಹೊತ್ತು ಹಿಡಿಯಿತು, ಅದೇ ನಿಮ್ಮ ಲೋಡ್ ಟೈಮ್.

ಸಾಧನಕೇರಿ

ರಿಸ್ಟಾರ್ಟ್ ಕೊಡಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ಕೊಟ್ಟ ಮೇಲೆ ವಾಪಸ್ ಒಳಗೆ ಹೋಗುವ ದಾರಿ ಯಾವುದು ಅಂತ ಯಾರೂ ಕೇಳಲಿಲ್ಲ. ಗೋಕುಲರಸ್ತೆಯವರೇ, ನೀವು ಬಳಸುವ ರಿಮೋಟ್ ಟೂಲ್ ಕೂಡ ಒಂದು ಸರ್ವೀಸೇ. ಅದೂ ಅದೇ ನಿಧಾನ ಡಿಸ್ಕ್ ಮೇಲೆ ಏಳಬೇಕು. ಅದೂ 30 ಸೆಕೆಂಡ್ ಮೀರಿದರೆ? ಅಂಗಡಿಯ ಇನ್ನೊಂದು ಕಂಪ್ಯೂಟರ್‌ನಲ್ಲೂ ರಿಮೋಟ್ ಹಾಕಿಡಿ. ಸರ್ವರ್ ಸಿಗದಿದ್ದರೆ ಅದರೊಳಗೆ ಹೋಗಿ, ಅಲ್ಲಿಂದ ಸರ್ವರ್‌ನ ಸರ್ವೀಸ್‌ಗಳನ್ನು ನೋಡಬಹುದು. ಸರ್ವೀಸಸ್ ಕನ್ಸೋಲ್‌ನಲ್ಲಿ ಕನೆಕ್ಟ್ ಟು ಅನದರ್ ಕಂಪ್ಯೂಟರ್ ಅಂತ ಇದೆಯಲ್ಲ, ಅದು ಇರುವುದೇ ಇದಕ್ಕೆ.

ಆದರೆ ಅದು ಮೊದಲ ಸಲಕ್ಕೇ ಆಗುವುದಿಲ್ಲ. 1722 ಬಂದರೆ ಆರ್‌ಪಿಸಿ, ಅಂದರೆ ಇನ್ನೊಂದು ಮಷಿನ್ ಜೊತೆ ಮಾತಾಡುವ ದಾರಿ, ಸಿಗುತ್ತಿಲ್ಲ. ಸರ್ವರ್‌ನ ಫೈರ್‌ವಾಲ್‌ನಲ್ಲಿ ರಿಮೋಟ್ ಸರ್ವೀಸ್ ಮ್ಯಾನೇಜ್‌ಮೆಂಟ್ ಅನ್ನುವ ಗುಂಪನ್ನು ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಆನ್ ಮಾಡಿ. ಎರರ್ 5, ಅಕ್ಸೆಸ್ ಡಿನೈಡ್ ಬಂದರೆ ಪಾಸ್‌ವರ್ಡ್ ಸರಿ ಇದ್ದರೂ ತಲೆ ಕೆಡಿಸಿಕೊಳ್ಳುತ್ತೀರಿ. ಡೊಮೇನ್ (ಎಲ್ಲಾ ಮಷಿನ್‌ಗಳ ಲಾಗಿನ್ ಒಂದೇ ಕಡೆ ನೋಡುವ ವ್ಯವಸ್ಥೆ) ಇಲ್ಲದ ಅಂಗಡಿಗಳಲ್ಲಿ, ಲೋಕಲ್ ಅಡ್ಮಿನ್ ಅಕೌಂಟ್ ನೆಟ್‌ವರ್ಕ್ ಮೂಲಕ ಬಂದರೆ ವಿಂಡೋಸ್‌ನ ಯುಎಸಿ ಅನ್ನುವ ಕಾವಲು ಅದರ ಅಡ್ಮಿನ್ ಅಧಿಕಾರ ಕಿತ್ತುಕೊಳ್ಳುತ್ತದೆ. ಅದನ್ನು ಬಿಡಿಸಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಲೋಕಲ್ ಅಕೌಂಟ್ ಟೋಕನ್ ಫಿಲ್ಟರ್ ಪಾಲಿಸಿ ಅನ್ನುವ ವ್ಯಾಲ್ಯೂಗೆ 1 ಹಾಕಬೇಕು. ಇದು ಸೆಕ್ಯುರಿಟಿಯನ್ನು ಸ್ವಲ್ಪ ಸಡಿಲ ಮಾಡುತ್ತದೆ. ಎಲ್ಲಾ ಮಷಿನ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿರುವ ಅಂಗಡಿಯಲ್ಲಂತೂ ಮಾಡಬೇಡಿ.

ಮತ್ತೆ ದಯವಿಟ್ಟು ರೂಟರ್‌ನಲ್ಲಿ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್ ಹೊರಗೆ ಬಿಡಬೇಡಿ. 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಬಂದಾಗ ಪಾಸ್‌ವರ್ಡ್ ಇಲ್ಲದೆಯೇ ಆ ದಾರಿಯಿಂದ ಹಳೇ ವಿಂಡೋಸ್‌ಗಳ ಒಳಗೆ ನುಗ್ಗಲು ಬರುತ್ತಿತ್ತು. ಬೇಕೇ ಬೇಕಾದರೆ ವಿಪಿಎನ್ ಒಳಗಿಂದ ಬನ್ನಿ.

ಬೆಟಗೇರಿ

ಸಾಧನಕೇರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ದೂರದಿಂದ ನೆಟ್‌ವರ್ಕ್ ಅಥವಾ ಫೈರ್‌ವಾಲ್ ಸರ್ವೀಸ್ ಮುಟ್ಟುವ ಮೊದಲು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಹತ್ತು ನಿಮಿಷಕ್ಕೆ ತಾನೇ ರಿಸ್ಟಾರ್ಟ್ ಆಗುವ ಹಾಗೆ ಟೈಮರ್ ಹಾಕಿಡಿ: ಶಟ್‌ಡೌನ್ /ಆರ್ /ಟಿ 600. ಕೆಲಸ ಆಗಿ ಸಂಪರ್ಕ ಉಳಿದರೆ ಶಟ್‌ಡೌನ್ /ಎ ಕೊಟ್ಟು ರದ್ದು ಮಾಡಿ. ಸಂಪರ್ಕ ಕಡಿದು ಹೋದರೆ ಮಷಿನ್ ತಾನೇ ಬೂಟ್ ಆಗಿ, ನಿಲ್ಲಿಸಿದ್ದ ಸರ್ವೀಸ್ ಮತ್ತೆ ಏಳುತ್ತದೆ. ಆದರೆ ಸ್ಟಾರ್ಟಪ್ ಟೈಪನ್ನೇ ಡಿಸೇಬಲ್ಡ್ ಮಾಡಿಟ್ಟರೆ ಈ ಉಪಾಯ ನಡೆಯಲ್ಲ, ಬೂಟ್ ಆದ ಮೇಲೂ ಅದು ಡಿಸೇಬಲ್ಡ್ ಆಗಿಯೇ ಇರುತ್ತದೆ. ಬರೀ ಸ್ಟಾಪ್ ಮಾಡಿ ನೋಡಿ.

ಗೋಕುಲರಸ್ತೆ

ಸಂಜೆ ಅಂಗಡಿ ಖಾಲಿಯಾದ ಮೇಲೆ ಮಾಡಿದೆ. ಪಕ್ಕದ ಕಂಪ್ಯೂಟರ್‌ಗೂ ರಿಮೋಟ್ ಹಾಕಿಟ್ಟೆ. ರಿಸ್ಟಾರ್ಟ್ ಕೊಟ್ಟೆ, ಬೂಟ್ ಟೈಪ್ 0ಎಕ್ಸ್0, ಬಿಲ್ಲಿಂಗ್ ಸರ್ವೀಸ್ ಬಿತ್ತು, ಅದೇ 7009. ಕರೆಂಟ್ ಇತ್ತು! ಎಸ್‌ಕ್ಯೂಎಲ್ ಎರರ್‌ಲಾಗ್‌ನಲ್ಲಿ ರಿಕವರಿ ಕಂಪ್ಲೀಟ್ ಇದೆ, ಚೆಕ್‌ಡಿಬಿಯಲ್ಲಿ ಒಂದೂ ತಪ್ಪಿಲ್ಲ. ಇಎಕ್ಸ್‌ಇ ಕ್ಲಿಕ್ ಮಾಡಿದರೆ ಡಬ್ಬಿ ಬರಲು ಅರ್ಧ ನಿಮಿಷಕ್ಕಿಂತ ಜಾಸ್ತಿ. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್. ಒಂದು ಕಡೆ ಆಂಟಿವೈರಸ್, ಒಂದು ಕಡೆ ವಿಂಡೋಸ್ ಅಪ್‌ಡೇಟ್, ನಡುವೆ ಎಸ್‌ಕ್ಯೂಎಲ್. ಸ್ವಲ್ಪ ಹೊತ್ತು ಬಿಟ್ಟು ಅದೇ ಇಎಕ್ಸ್‌ಇ ಕ್ಲಿಕ್ ಮಾಡಿದರೆ ತಟ್ಟನೆ ಬರುತ್ತದೆ.

ಈಗ ಏನು ಬದಲಾಯಿಸಲಿ? ಒಂದು ಕಡೆ ಸರ್ವೀಸಸ್ ಪೈಪ್ ಟೈಮ್‌ಔಟ್, ಅಂದರೆ ಆ 30 ಸೆಕೆಂಡ್ ಮಿತಿ, ಜಾಸ್ತಿ ಮಾಡಿ ಅಂತ ಓದಿದೆ.

ಸಪ್ತಾಪುರ

ಅದನ್ನು ಕೊನೆಗೆ ಇಟ್ಟುಕೊಳ್ಳಿ. ಆ ರಿಜಿಸ್ಟ್ರಿ ವ್ಯಾಲ್ಯೂ ನಿಮ್ಮ ಒಂದು ಸರ್ವೀಸ್‌ಗಲ್ಲ, ಮಷಿನ್‌ನ ಎಲ್ಲಾ ಸರ್ವೀಸ್‌ಗಳಿಗೂ ಲಾಗೂ ಆಗುತ್ತದೆ. 60000 ಹಾಕಿದರೆ ಒಂದು ನಿಮಿಷ, ಬೂಟ್ ಆದ ಮೇಲೆಯೇ ಜಾರಿ. ನಾಳೆ ಇನ್ನೊಂದು ಸರ್ವೀಸ್ ನಿಜವಾಗಿ ಕೆಟ್ಟು ಕೂತರೂ ನೀವು ಅಷ್ಟು ಹೊತ್ತು ಕಾಯಬೇಕು.

ಮೊದಲು ಸ್ಟಾರ್ಟಪ್ ಟೈಪನ್ನು ಆಟೊಮ್ಯಾಟಿಕ್ ಡಿಲೇಯ್ಡ್ ಸ್ಟಾರ್ಟ್ ಮಾಡಿ. ಉಳಿದ ಆಟೊಮ್ಯಾಟಿಕ್ ಸರ್ವೀಸ್‌ಗಳೆಲ್ಲ ಎದ್ದು ಸುಮಾರು ಎರಡು ನಿಮಿಷ ಆದ ಮೇಲೆ ಇದರ ಸರದಿ ಬರುತ್ತದೆ. ಆಗ ಡಿಸ್ಕ್‌ಗೂ ಉಸಿರಾಡಲು ಜಾಗ ಇರುತ್ತದೆ. ಜೊತೆಗೆ ಎಸ್‌ಕ್ಯೂಎಲ್ ಏಳದೆ ಇದು ಏಳಬಾರದು ಅಂತ ಡಿಪೆಂಡೆನ್ಸಿ ಹಾಕಿ. ಸಾಫ್ಟ್‌ವೇರ್ ಮಾಡಿದವರೇ ಹಾಕಿರಬೇಕಿತ್ತು, ಬಹಳ ಜನ ಹಾಕುವುದಿಲ್ಲ.

ಹಾಕುವಾಗ ಎಸ್‌ಸಿ ಕಾನ್ಫಿಗ್ ಅನ್ನುವ ಕಮಾಂಡ್ ಬಳಸುತ್ತೀರಿ, ಅಲ್ಲಿ ಎಡವುವ ಕೆಲವು ಜಾಗಗಳಿವೆ. ಡಿಪೆಂಡ್ ಮತ್ತು ಸಮಚಿಹ್ನೆ ಅಂಟಿಕೊಂಡಿರಬೇಕು, ಸಮಚಿಹ್ನೆ ಆದ ಮೇಲೆ ಒಂದು ಸ್ಪೇಸ್ ಇರಲೇಬೇಕು. ಇದು ಹಳೇ ಪಟ್ಟಿಗೆ ಸೇರಿಸುವುದಿಲ್ಲ, ಹಳೇ ಪಟ್ಟಿ ಅಳಿಸಿ ಹೊಸದು ಬರೆಯುತ್ತದೆ. ಹಾಗಾಗಿ ಮೊದಲು ಎಸ್‌ಸಿ ಕ್ಯೂಸಿ ಕೊಟ್ಟು ಈಗ ಏನಿದೆ ನೋಡಿ, ಇದ್ದದ್ದನ್ನೂ ಸ್ಲ್ಯಾಷ್ ಹಾಕಿ ಜೊತೆಗೆ ಬರೆಯಿರಿ. ಮೂರನೆಯದು ಭಾರಿ ಮೋಸದ್ದು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಬರೀ ಎಸ್‌ಸಿ ಅಂದರೆ ಸೆಟ್-ಕಂಟೆಂಟ್ ಅಂತ ಅರ್ಥ, ಅದಕ್ಕೂ ಸರ್ವೀಸ್‌ಗೂ ಸಂಬಂಧವೇ ಇಲ್ಲ. ಕೆಲವು ಸಲ ಸುಮ್ನೆ ಒಂದು ಫೈಲ್ ಸೃಷ್ಟಿಸಿ ಬಿಡುತ್ತದೆ, ಎರರ್ ಕೂಡ ಬರುವುದಿಲ್ಲ, ಸರ್ವೀಸ್ ಮಾತ್ರ ಹಾಗೇ ಇರುತ್ತದೆ. ಎಸ್‌ಸಿ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಬರೆಯಿರಿ, ಅಥವಾ ಹಳೇ ಕಮಾಂಡ್ ಪ್ರಾಂಪ್ಟ್ ಬಳಸಿ. ಎಸ್‌ಕ್ಯೂಎಲ್ ಸರ್ವೀಸ್‌ನ ಹೆಸರಿನ ನಡುವೆ ಡಾಲರ್ ಚಿಹ್ನೆ ಇದೆ. ಪವರ್‌ಶೆಲ್ ಅದನ್ನು ವೇರಿಯಬಲ್ ಅಂದುಕೊಂಡು ನುಂಗುತ್ತದೆ. ಸಿಂಗಲ್ ಕೋಟ್ ಒಳಗೆ ಇಡಿ.

ರಾಣೆಬೆನ್ನೂರು

ನಮ್ಮ ಕಡೆ ಎಲ್ಲಾ ಲಿನಕ್ಸ್, ಅದಕ್ಕೇ ಸುಮ್ಮನಿದ್ದೆ. ಲಿನಕ್ಸ್‌ನಲ್ಲಿ ಸರ್ವೀಸ್ ಎಬ್ಬಿಸುವ ಸಿಸ್ಟಮ್‌ಡಿಯಲ್ಲೂ ಇದೇ ಗೋಳು, ಅಲ್ಲಿ ಹಾಜರಿಗೆ ಸಾಮಾನ್ಯವಾಗಿ 90 ಸೆಕೆಂಡ್ ಕೊಡುತ್ತಾರೆ. ಜರ್ನಲ್‌ಸಿಟಿಎಲ್‌ಗೆ ಸರ್ವೀಸ್ ಹೆಸರು ಮತ್ತು -ಬಿ ಕೊಟ್ಟರೆ ಈ ಬೂಟ್‌ನ ಲಾಗ್ ಮಾತ್ರ ಸಿಗುತ್ತದೆ. 203 ಬಂದರೆ ಇಎಕ್ಸ್‌ಇಯನ್ನೇ ಓಡಿಸಲು ಆಗಿಲ್ಲ, ಫೈಲ್ ಪಾತ್ ಅಥವಾ ಪರ್ಮಿಷನ್ ನೋಡಿ. 217 ಬಂದರೆ ಆ ಹೆಸರಿನ ಯೂಸರ್ ಇಲ್ಲ. ಆಫ್ಟರ್ ಅಂತ ಬರೆದರೆ ಸರದಿ ಮಾತ್ರ, ರಿಕ್ವೈರ್ಸ್ ಅಂತ ಬರೆದರೆ ಅವಲಂಬನೆ. ಎರಡೂ ಬರೆಯಬೇಕು. ಒಂದೇ ಬರೆದು ಎರಡೂ ಆಯಿತು ಅಂದುಕೊಳ್ಳುವವರೇ ಜಾಸ್ತಿ.

ಗೋಕುಲರಸ್ತೆ

ಡಿಲೇಯ್ಡ್ ಮಾಡಿದೆ, ಡಿಪೆಂಡೆನ್ಸಿ ಹಾಕಿದೆ. ಬಿಲ್ಲಿಂಗ್ ಫೋಲ್ಡರನ್ನು ಆಂಟಿವೈರಸ್‌ನ ಸ್ಕ್ಯಾನ್‌ನಿಂದ ಹೊರಗೆ ಇಟ್ಟೆ. ರಿಸ್ಟಾರ್ಟ್ ಕೊಟ್ಟರೆ ತಾನೇ ಏಳುತ್ತಿದೆ. ಪೈಪ್ ಟೈಮ್‌ಔಟ್ ಮುಟ್ಟಲಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಸಿದೆ, ಇನ್ನು ಮೇಲೆ ದಿನಾ ಪೂರ್ತಿ ಬೂಟ್. ಕೆಡುವುದಿದ್ದರೆ ಬೆಳಿಗ್ಗೆ ವ್ಯಾಪಾರ ಶುರುವಾಗುವ ಮೊದಲೇ ಕೆಡಲಿ ಅಂತ.

ಒಂದೇ ತಕರಾರು, ಸ್ಕ್ರೀನ್ ಬಂದ ಕೂಡಲೇ ಗುಮಾಸ್ತರು ಬಿಲ್ಲಿಂಗ್ ತೆರೆಯುತ್ತಾರೆ, ಆಗಿನ್ನೂ ಸರ್ವೀಸ್ ಎದ್ದಿರುವುದಿಲ್ಲ. ಅವರೇ ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದಾರೆ: ಚಾಲೂ ಮಾಡಿ ಚಹಾ ಕುಡಿದು ಬಂದು ಪಟ್ಟಿ ತೆಗೆಯುವುದು.

ಬೆಟಗೇರಿ

ಚೀಟಿ ಬೆಸ್ಟ್. ಸೀಸನ್ ಮುಗಿದ ಮೇಲೆ ಸಾವಕಾರರಿಗೆ ಒಂದು ಎಸ್‌ಎಸ್‌ಡಿ ಮತ್ತು ಯುಪಿಎಸ್ ಬ್ಯಾಟರಿಗೆ ಹೇಳಿ. ಅವೆರಡು ಬಂದರೆ ಚೀಟಿ ಬೇಕಾಗಲ್ಲ.

ಹಾವೇರಿ ಹುಡುಗ

ಇದೇ ಜಾಗದಲ್ಲಿ ನನ್ನದೂ ಒಂದು ಕೇಳುತ್ತೇನೆ. ನಮ್ಮ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಎಸ್‌ಕ್ಯೂಎಲ್ ಸರ್ವೀಸೇ ಏಳುತ್ತಿಲ್ಲ. ಎರರ್ 1069 (ಲಾಗಿನ್ ಆಗಲಿಲ್ಲ), ಲಾಗ್‌ನಲ್ಲಿ 7038. ನಿನ್ನೆಯವರೆಗೆ ಚೆನ್ನಾಗಿತ್ತು.

ಸಪ್ತಾಪುರ

ವಿಂಡೋಸ್ ಲಾಗಿನ್ ಪಾಸ್‌ವರ್ಡ್ ಯಾರೋ ಬದಲಾಯಿಸಿದ್ದಾರೆ, ಕೇಳಿ ನೋಡಿ. ಇನ್‌ಸ್ಟಾಲ್ ಮಾಡಿದವರು ಸರ್ವೀಸನ್ನು ಆ ಯೂಸರ್ ಹೆಸರಿನಲ್ಲೇ ಓಡಿಸಿದ್ದಾರೆ. ಪಾಸ್‌ವರ್ಡ್ ಬದಲಾದದ್ದು ಸರ್ವೀಸ್‌ಗೆ ಗೊತ್ತಾಗುವುದಿಲ್ಲ, ಮುಂದಿನ ಸಲ ಏಳುವಾಗ ಬೀಳುತ್ತದೆ. ಹೊಸ ಪಾಸ್‌ವರ್ಡ್ ಹಾಕಿದರೆ ಇವತ್ತಿಗೆ ಆಗುತ್ತದೆ. ಗಟ್ಟಿ ದಾರಿ ಬೇಕಾದರೆ, ಎನ್‌ಟಿ ಸರ್ವೀಸ್ ಅಂತ ಶುರುವಾಗುವ ವರ್ಚುವಲ್ ಅಕೌಂಟ್ ಕೊಡಿ, ಅದಕ್ಕೆ ಪಾಸ್‌ವರ್ಡ್ ಖಾಲಿ ಬಿಡಬೇಕು. ಅದನ್ನು ಸರ್ವೀಸಸ್ ಕನ್ಸೋಲ್‌ನಲ್ಲಿ ಮಾಡಬೇಡಿ. ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಮಾಡಿ, ಫೋಲ್ಡರ್ ಪರ್ಮಿಷನ್‌ಗಳನ್ನು ಅದೇ ಹೊಂದಿಸುತ್ತದೆ. ಇಲ್ಲದಿದ್ದರೆ 1069 ಹೋಗಿ ಎರರ್ 5 ಬರುತ್ತದೆ.

ಹಾವೇರಿ ಹುಡುಗ

ಹೌದು ರೀ, ಮ್ಯಾನೇಜರ್ ಬದಲಾಗಿದ್ದಾರಂತೆ, ಹೊಸಬರು ಬಂದ ಕೂಡಲೇ ಪಾಸ್‌ವರ್ಡ್ ಬದಲಿಸಿದ್ದಾರೆ. ಎದ್ದಿತು.

ಗೋಕುಲರಸ್ತೆ

ಸಾವಕಾರರು ಎಸ್‌ಎಸ್‌ಡಿ ಯಾಕೆ, ಹೊಸ ಮಷಿನ್ನೇ ತರೋಣ ಅನ್ನುತ್ತಿದ್ದಾರೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಅಂತ ನಾನೇ ಹೇಳಿದ್ದೆ. ವಿಂಡೋಸ್ 11, ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ). ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ 2019 ಅಲ್ಲಿಗೆ ಸಾಗಿಸುವಾಗ ಏನಾದರೂ ತೊಂದರೆ ಇದೆಯಾ?

ಸಪ್ತಾಪುರ

ಇದೆ, ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕೆಲವು ಎನ್‌ವಿಎಂಇ ಡಿಸ್ಕ್‌ಗಳು ತಮ್ಮ ಸೆಕ್ಟರ್ ಸೈಜ್ (ಒಮ್ಮೆಗೆ ಬರೆಯುವ ತುಣುಕಿನ ಅಳತೆ) 4 ಕೆಬಿಗಿಂತ ದೊಡ್ಡದು ಅಂತ ಹೇಳುತ್ತವೆ. ವಿಂಡೋಸ್ 10 ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ವಿಂಡೋಸ್ 11 ಇದ್ದದ್ದನ್ನು ಇದ್ದ ಹಾಗೆ ಎಸ್‌ಕ್ಯೂಎಲ್‌ಗೆ ತಿಳಿಸುತ್ತದೆ. ಎಸ್‌ಕ್ಯೂಎಲ್‌ಗೆ 512 ಬೈಟ್ ಮತ್ತು 4096 ಬೈಟ್ ಮಾತ್ರ ನಡೆಯುತ್ತದೆ. ಇನ್‌ಸ್ಟಾಲ್ ಕೊನೆಯಲ್ಲಿ, ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್ ಮೇಲೆ ಕಾಯುವುದು ವಿಫಲ ಅನ್ನುವ ಎರರ್ ಬಂದು ಸರ್ವೀಸ್ ಏಳುವುದಿಲ್ಲ. ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ಅಷ್ಟೇ.

ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೊ ಸೆಕ್ಟರ್‌ಇನ್ಫೊ ಸಿ: ಕೊಡಿ. ಫಿಸಿಕಲ್ ಬೈಟ್ಸ್ ಪರ್ ಸೆಕ್ಟರ್ ಅನ್ನುವ ಹೆಸರಿನ ಎರಡು ಸಾಲು ಇರುತ್ತವೆ, ಒಂದು ಅಟಾಮಿಸಿಟಿಗೆ, ಒಂದು ಪರ್ಫಾರ್ಮೆನ್ಸ್‌ಗೆ. ಎರಡರಲ್ಲೂ 4096 ಅಥವಾ ಕಡಿಮೆ ಇದ್ದರೆ ಧೈರ್ಯವಾಗಿ ಹಾಕಿ. ಜಾಸ್ತಿ ಇದ್ದರೆ ಮೈಕ್ರೋಸಾಫ್ಟ್ ಹೇಳಿರುವ ದಾರಿ ಇದು: ರಿಜಿಸ್ಟ್ರಿಯಲ್ಲಿ ಸ್ಟೋರ್‌ಎನ್‌ವಿಎಂಇ ಸರ್ವೀಸ್‌ನ ಪ್ಯಾರಾಮೀಟರ್ಸ್, ಡಿವೈಸ್ ಕೆಳಗೆ ಫೋರ್ಸ್ಡ್ ಫಿಸಿಕಲ್ ಸೆಕ್ಟರ್ ಸೈಜ್ ಇನ್ ಬೈಟ್ಸ್ ಅಂತ ಒಂದೇ ಪದವಾಗಿ, ಮಲ್ಟಿ-ಸ್ಟ್ರಿಂಗ್ ವ್ಯಾಲ್ಯೂ ಆಗಿ ಸೃಷ್ಟಿಸಿ. ಒಳಗೆ ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, 4095. ಆಮೇಲೆ ರಿಸ್ಟಾರ್ಟ್.

ಗೋಕುಲರಸ್ತೆ

4095? 4096 ಅಲ್ಲವಾ?

ಸಪ್ತಾಪುರ

4095ನೇ ರೀ. ಅವರು ಬರೆದಿರುವುದೇ ಹಾಗೆ, 4096 ಹಾಕಿ ತಿದ್ದಬೇಡಿ. ಮೊದಲು ಇದನ್ನು ಹಾಕಿ ಬೂಟ್ ಮಾಡಿ, ಎಫ್‌ಎಸ್‌ಯುಟಿಲ್ ಮತ್ತೊಮ್ಮೆ ಓಡಿಸಿ 4096 ತೋರಿಸುತ್ತದಾ ನೋಡಿ. ತೋರಿಸಿದ ಮೇಲೆ ಎಸ್‌ಕ್ಯೂಎಲ್ ಹಾಕಿ.